ಅಕ್ಕನ ಮೊಣಕಾಲು ಒಪ್ಪಿದ ದಾರಿಗಳು

ಅಕ್ಕನ ಷರತ್ತು ಮೂರು. ಬೆಟ್ಟ ಇರಬಾರದು. ಮೆಟ್ಟಿಲು ಜಾಸ್ತಿ ಇರಬಾರದು. ಹೊರಟ ಮೂರು ಗಂಟೆಯೊಳಗೆ ವಾಪಸ್ ಬಂದಿರಬೇಕು. ಇದಕ್ಕೆ ಒಪ್ಪುವುದಾದರೆ ಎಲ್ಲಿಗೆ ಬೇಕಾದರೂ ಬರುತ್ತೇನೆ ಎಂದಳು.

ನಾವಿದ್ದದ್ದು ಕೆನಡಾದ ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿ, ಅಕ್ಕನ ಮಗಳ ಮನೆಯಲ್ಲಿ. ಅಕ್ಟೋಬರ್ ಕೊನೆಯ ವಾರ. ಈ ಊರಿನ ತೊಂದರೆ ಏನೆಂದರೆ, ಯಾವ ಕಿಟಕಿಯಿಂದ ನೋಡಿದರೂ ಬೆಟ್ಟ ಕಾಣುತ್ತದೆ. ಸಿಕ್ಕವರೆಲ್ಲ "ಗ್ರೌಸ್ ಗ್ರೈಂಡ್ ಹತ್ತಿದಿರಾ?" ಎಂದೇ ಕೇಳುತ್ತಾರೆ. ಅದು ಸಾವಿರಾರು ಮೆಟ್ಟಿಲಿನ ದಾರಿ. ಅಕ್ಕನಿಗೆ ವಯಸ್ಸು 67, ಎಡ ಮೊಣಕಾಲು ಸವೆದಿದೆ. ನನಗೆ ಮೊಣಕಾಲು ಸರಿಯಾಗಿದೆ, ಸೋಮಾರಿತನ ಇದೆ. ಹಾಗಾಗಿ ಷರತ್ತಿಗೆ ತಕ್ಷಣ ಒಪ್ಪಿದೆ.

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಲ್ಲಿನ ರೀಜನಲ್ ಪಾರ್ಕುಗಳು. ವ್ಯಾಂಕೂವರ್ ಸುತ್ತಲಿನ ಊರುಗಳೆಲ್ಲ ಸೇರಿ ಮೆಟ್ರೋ ವ್ಯಾಂಕೂವರ್ ಎಂಬ ಒಂದು ಆಡಳಿತ ಮಾಡಿಕೊಂಡಿವೆ. ನಲ್ಲಿಗೆ ನೀರು ಕೊಡುವುದು, ಚರಂಡಿ ನೋಡಿಕೊಳ್ಳುವುದು ಅದರ ಕೆಲಸ. ಅದೇ ಆಡಳಿತ 1967ರಿಂದ ಈ ಕಾಡುಗಳನ್ನೂ ನೋಡಿಕೊಳ್ಳುತ್ತಿದೆ. ರಾಷ್ಟ್ರೀಯ ಉದ್ಯಾನದಷ್ಟು ದೊಡ್ಡದಲ್ಲ, ಮಕ್ಕಳು ಜಾರುಬಂಡಿ ಆಡುವ ಪಾರ್ಕೂ ಅಲ್ಲ. ಹೊಳೆ, ಅದರ ಪಕ್ಕದ ಕಾಡು, ಅದರೊಳಗೆ ಜಲ್ಲಿ ಹಾಸಿದ ಸಪಾಟು ದಾರಿ. ಪ್ರವೇಶಕ್ಕೆ ಟಿಕೆಟ್ ಇಲ್ಲ. ಕೆಲವು ಕಡೆ ಕಾರು ನಿಲ್ಲಿಸಲು ಮಾತ್ರ ದುಡ್ಡು. ಆರು ದಿನಕ್ಕೆ ಆರು ಜಾಗ ಗುರುತು ಹಾಕಿಕೊಂಡೆವು.

ಮೊದಲ ದಿನ: ಕ್ಯಾಪಿಲಾನೊ

ವಾಟರ್‌ಫ್ರಂಟ್ ಸ್ಟೇಷನ್ನಿನಿಂದ ಸೀಬಸ್. ಹೆಸರು ಬಸ್, ನಿಜಕ್ಕೂ ದೋಣಿ. ಹನ್ನೆರಡು ನಿಮಿಷದಲ್ಲಿ ಆಚೆ ದಡ, ನಾರ್ತ್ ವ್ಯಾಂಕೂವರ್. ಅಲ್ಲಿಂದ 236ನೇ ನಂಬರ್ ಬಸ್. ಅದು ಕೊನೆಗೆ ಹೋಗುವುದು ಆ ಗ್ರೌಸ್ ಬೆಟ್ಟದ ಬುಡಕ್ಕೇ. ಬಸ್ಸಿನ ತುಂಬ ಬಿಗಿ ಪ್ಯಾಂಟಿನ ಹುಡುಗ ಹುಡುಗಿಯರು. ಕ್ಲೀವ್‌ಲ್ಯಾಂಡ್ ಅಣೆಕಟ್ಟಿನ ಸ್ಟಾಪಿನಲ್ಲಿ ಇಳಿದವರು ನಾವಿಬ್ಬರೇ. "ಪಾಪ, ಅವರಿಗೆ ಗೊತ್ತಿಲ್ಲ" ಎಂದಳು ಅಕ್ಕ.

ಅಣೆಕಟ್ಟು 91 ಮೀಟರ್ ಎತ್ತರ, ಕಟ್ಟಿ ಮುಗಿದದ್ದು 1954ರಲ್ಲಿ. ಈ ಕೆರೆಯ ನೀರೇ ಮನೆಮನೆಯ ನಲ್ಲಿಗೆ ಬರುವುದರಿಂದ ಅದರ ಹತ್ತಿರ ಯಾರನ್ನೂ ಬಿಡುವುದಿಲ್ಲ. ಮೇಲೆ ನಿಂತು ನೋಡಿದರೆ ಒಂದು ಕಡೆ ಕದಲದ ನೀರು. ಇನ್ನೊಂದು ಕಡೆ ಅದೇ ನೀರು ಇಳಿಜಾರಿನಲ್ಲಿ ಬೆಳ್ಳಗೆ ಧುಮುಕಿ, ಹೊಗೆಯಾಗಿ ಮೇಲೆದ್ದು ನಮ್ಮ ಕನ್ನಡಕದ ಮೇಲೆ ಕೂರುತ್ತದೆ.

ಕೆಳಗೆ ಹೊಳೆಯ ದಾರಿಗೆ ಇಳಿಯುವಾಗ ಒಂದೆರಡು ಕಡೆ ಮೆಟ್ಟಿಲು ಸಿಕ್ಕವು. ಅಕ್ಕ ಒಂದೊಂದನ್ನೂ ಜೋರಾಗಿ ಎಣಿಸಿದಳು, ನನಗೆ ಕೇಳಿಸಲಿ ಅಂತ. ಆದರೆ ಒಳಗೆ ಹೋದ ಮೇಲೆ ಎಣಿಕೆ ನಿಂತಿತು. ಡಗ್ಲಸ್ ಫರ್, ಹೆಮ್ಲಾಕ್, ಸೀಡರ್, ಮೂರೂ ಆಕಾಶ ಮುಚ್ಚುವಷ್ಟು ಎತ್ತರ. ಕೆಳಗೆ ಸೊಂಟದುದ್ದ ಜರಿಗಿಡ. ಇಲ್ಲಿ 'ಗ್ರ್ಯಾಂಡ್‌ಪಾ ಕ್ಯಾಪಿಲಾನೊ' ಎಂದು ಕರೆಯುವ ಒಂದು ಡಗ್ಲಸ್ ಫರ್ ಮರ ಇದೆ. ಸುಮಾರು 61 ಮೀಟರ್ ಉದ್ದ, 500 ವರ್ಷಕ್ಕೂ ಮೇಲ್ಪಟ್ಟ ವಯಸ್ಸು. ಅಷ್ಟೆತ್ತರ ಕತ್ತೆತ್ತಿದರೆ ಕತ್ತು ನೋಯುತ್ತದೆ. ಅದರ ತೊಗಟೆಯ ಬಿರುಕಿನಲ್ಲಿ ನನ್ನ ಅಂಗೈ ಅಡ್ಡಡ್ಡ ಸೇರಿತು.

ಬುಡದಲ್ಲಿ ಬಿದ್ದಿದ್ದ ಒಂದು ಕಾಯಿ ಎತ್ತಿಕೊಂಡೆ. ಫರ್ ಕಾಯಿಯ ಪ್ರತಿ ಎಸಳಿನ ಕೆಳಗಿನಿಂದ ಮೂರು ಕವಲಿನ ಚಿಕ್ಕ ನಾಲಿಗೆ ಹೊರಗೆ ಬಂದಿರುತ್ತದೆ. ನಡುವಿನದು ಉದ್ದ, ಎರಡು ಪಕ್ಕದವು ಗಿಡ್ಡ. ಇಲಿಯೊಂದು ತಲೆ ಒಳಗೆ ತೂರಿಸಿ, ಬಾಲ ಮತ್ತು ಹಿಂಗಾಲು ಮಾತ್ರ ಹೊರಗೆ ಬಿಟ್ಟ ಹಾಗೆ. ಒಮ್ಮೆ ಹಾಗೆ ಕಂಡರೆ ಮುಗಿಯಿತು, ಆಮೇಲೆ ಕಾಯಿಯ ತುಂಬ ಇಲಿಗಳೇ.

ಹೊಳೆಯ ದಂಡೆಯಲ್ಲಿ ಎಚ್ಚರಿಕೆಯ ಫಲಕಗಳಿವೆ. ಅವನ್ನು ಸುಮ್ನೆ ದಾಟಿ ಹೋಗಬೇಡಿ. 2020ರ ಅಕ್ಟೋಬರ್ 1ರಂದು ಅಣೆಕಟ್ಟಿನ ಗೇಟು ಇದ್ದಕ್ಕಿದ್ದಂತೆ ತೆರೆದುಕೊಂಡು, ಕೆಳಗೆ ಮೀನು ಹಿಡಿಯುತ್ತಿದ್ದವರ ಮೇಲೆ ನೀರು ನುಗ್ಗಿ ಇಬ್ಬರು ಸತ್ತರು. ಬಂಡೆಗಳ ಮೇಲೆ ಕೂತು ಕಾಲು ನೆನೆಸುವ ಆಸೆಯಾಗುತ್ತದೆ, ನಿಜ. ನಾವು ದಾರಿ ಬಿಟ್ಟು ಇಳಿಯಲಿಲ್ಲ.

ಅಲ್ಲಿಂದ ಮೀನಿನ ಹ್ಯಾಚರಿ, ಅಂದರೆ ಮೊಟ್ಟೆಯಿಂದ ಮರಿ ಮಾಡಿಸುವ ಜಾಗ. ನಾವು ಹತ್ತು ನಿಮಿಷ ಅಂದುಕೊಂಡು ಹೋದದ್ದು ಒಂದೂಕಾಲು ಗಂಟೆ ಆಯಿತು. ಅಣೆಕಟ್ಟು ಬಂದ ಮೇಲೆ ಸಾಲ್ಮನ್ ಮೀನು ಮೊಟ್ಟೆ ಇಡಲು ಮೇಲಿನ ಹೊಳೆಗೆ ಹೋಗಲು ದಾರಿಯೇ ಇಲ್ಲವಾಯಿತು. ಅದಕ್ಕೆಂದೇ 1971ರಲ್ಲಿ ಈ ಹ್ಯಾಚರಿ ತೆರೆದರು. ಹೊಳೆಯಿಂದ ಮೀನು ಹತ್ತಿ ಬರಲು ಸಿಮೆಂಟಿನ ಮೆಟ್ಟಿಲು ಮೆಟ್ಟಿಲಾದ ಕಾಲುವೆ ಕಟ್ಟಿದ್ದಾರೆ. ಅದರ ಒಂದು ಗೋಡೆಗೆ ಗಾಜು ಹಾಕಿದ್ದಾರೆ.

ಗಾಜಿನ ಆಚೆ ಹಸಿರು ನೀರು, ಗುಳ್ಳೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಗುಳ್ಳೆಯ ನಡುವೆ ಒಂದು ಕಣ್ಣು ಕಂಡಿತು. ಆಮೇಲೆ ಇಡೀ ಮೀನು. ಕೋಹೋ ಸಾಲ್ಮನ್, ನನ್ನ ಮೊಳದಷ್ಟು ಉದ್ದ. ಪಕ್ಕ ಕೆಂಪಗೆ ಕಂದಿದೆ, ಗಂಡಿನ ಮೂತಿ ಕೊಕ್ಕೆಯ ಹಾಗೆ ಬಾಗಿದೆ. ಎದುರು ನೀರಿನಲ್ಲಿ ಬಾಲ ಬೀಸುತ್ತಾ ಇದ್ದ ಜಾಗದಲ್ಲೇ ಇದೆ. ಬೆನ್ನಿನ ರೆಕ್ಕೆ ಹರಿದಿದೆ, ತುದಿಯಲ್ಲಿ ಬಿಳಿ. ಒಮ್ಮೆಲೇ ಮೈ ಬಿಲ್ಲಾಗಿ ಮೇಲಕ್ಕೆ ಹಾರಿತು. ಮೇಲಿನ ಮೆಟ್ಟಿಲಿನ ಅಂಚಿಗೆ ಬಡಿದು ಮತ್ತೆ ಕೆಳಗೇ ಬಿತ್ತು. ಅರ್ಧ ನಿಮಿಷ ಸುಧಾರಿಸಿಕೊಂಡು ಮತ್ತೆ ಹಾರಿತು. ನಾಲ್ಕನೇ ಸಲ ಕಾಣೆಯಾಯಿತು. ಪಕ್ಕದಲ್ಲಿ ನಿಂತಿದ್ದ ಶಾಲೆಯ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು.

ಸಮುದ್ರದಲ್ಲಿ ಬೆಳೆದ ಮೀನು ತಾನು ಹುಟ್ಟಿದ ಹೊಳೆಯನ್ನು ವಾಸನೆಯಿಂದ ಗುರುತು ಹಿಡಿದು ವಾಪಸ್ ಬರುತ್ತದೆ. ಹೊಳೆಗೆ ಬಂದ ಮೇಲೆ ತಿನ್ನುವುದು ಬಿಡುತ್ತದೆ. ಮೊಟ್ಟೆ ಇಟ್ಟು ಸಾಯುತ್ತದೆ. ಇದನ್ನೆಲ್ಲ ಗೋಡೆಯ ಮೇಲೆ ಬರೆದಿದ್ದರು. ಅಕ್ಕ ಓದಿ, ಸ್ವಲ್ಪ ಹೊತ್ತು ಬಿಟ್ಟು, "ಇದಕ್ಕೂ ಮೆಟ್ಟಿಲೇ ಇಟ್ಟಿದ್ದಾರಲ್ಲೇ" ಎಂದಳು.

ಅಲ್ಲಿಂದ ಕೋಹೋ ಲೂಪ್ ಎಂಬ ಸುತ್ತು ದಾರಿ ಹಿಡಿದು, ಎರಡು ಸೇತುವೆ ದಾಟಿ, ನಿಧಾನಕ್ಕೆ ಮೇಲೆ ಬಂದೆವು. ಹತ್ತಿರದಲ್ಲೇ ಹೆಸರುವಾಸಿ ತೂಗುಸೇತುವೆ ಇದೆ. ಅದು ಖಾಸಗಿ, ಟಿಕೆಟ್ ವಿಪರೀತ ದುಬಾರಿ. ಈ ಪಾರ್ಕಿಗೂ ಅದಕ್ಕೂ ಸಂಬಂಧವಿಲ್ಲ. ಒಂದೇ ಹೊಳೆ, ಒಂದೇ ಕಾಡು, ಇಲ್ಲಿ ಪುಕ್ಕಟೆ. ನೀವೇ ಲೆಕ್ಕ ಹಾಕಿ.

ಎರಡನೇ ದಿನ: ರೈಸ್ ಲೇಕ್, ಮಳೆ, ಮತ್ತು ತಪ್ಪು ಸೇತುವೆ

ಬೆಳಿಗ್ಗೆಯಿಂದ ಮಳೆ. ಅಕ್ಟೋಬರಿನಲ್ಲಿ ಇಲ್ಲಿ ಮಳೆ ಎಂದರೆ ಹೊಡೆತದ ಮಳೆ ಅಲ್ಲ. ಜರಡಿ ಹಿಡಿದ ಹಾಗೆ ಸಣ್ಣಗೆ, ಬಿಡದೆ, ದಿನವಿಡೀ. ಮಳೆ ನಿಲ್ಲಲಿ ಅಂತ ಕಾದರೆ ಮನೆಯಲ್ಲೇ ಇರಬೇಕಾಗುತ್ತದೆ. ಅಳಿಯ ಕೆಲಸಕ್ಕೆ ಹೋಗುವ ಮುಂಚೆ ಲಿಲೂಯೆಟ್ ರಸ್ತೆಯ ಕೊನೆಯ ಪಾರ್ಕಿಂಗ್ ಜಾಗಕ್ಕೆ ಬಿಟ್ಟು ಹೋದ. ಮಧ್ಯಾಹ್ನ ಅಲ್ಲಿಗೇ ಬಂದು ಕರೆದುಕೊಂಡು ಹೋಗುವ ಮಾತು.

ರೈಸ್ ಲೇಕ್ ಸುತ್ತ 3 ಕಿಲೋಮೀಟರ್. ದಾರಿ ಎಷ್ಟು ಸಪಾಟು ಎಂದರೆ ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಅಜ್ಜ ನಮ್ಮನ್ನು ಎರಡು ಸಲ ಹಿಂದೆ ಹಾಕಿದರು. ಕೆರೆ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಮಂಜಿನಲ್ಲಿ ಆಚೆ ದಡವೇ ಕಾಣಲಿಲ್ಲ. ಕಾಡು ಮಾತ್ರ ಮಳೆಯಲ್ಲೇ ಚೆಂದ.

ಇಲ್ಲಿ ನೋಡಬೇಕಾದ್ದು ಮರದ ಮೋಟುಗಳನ್ನು. ಹಿಂದೆ ಈ ಕಾಡಿನ ದೊಡ್ಡ ಸೀಡರ್ ಮರಗಳನ್ನೆಲ್ಲ ಕಡಿದರು. ಅಗಲವಾದ ಬುಡ ಬಿಟ್ಟು ಮೇಲಿನ ಸಣ್ಣ ಭಾಗದಲ್ಲಿ ಕೊಯ್ಯಬೇಕು. ಅದಕ್ಕೆ ಬುಡದಲ್ಲಿ ಎರಡೂ ಬದಿ ಗೂಡು ಕೊರೆದು, ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು ಗರಗಸ ಎಳೆಯುತ್ತಿದ್ದರು. ಆ ಗೂಡುಗಳು ಇನ್ನೂ ಇವೆ. ಎರಡು ಗೂಡು, ಪಕ್ಕಪಕ್ಕ, ಕತ್ತಲೆ ತುಂಬಿಕೊಂಡು. ಮುಖದ ಕಣ್ಣುಗಳ ಹಾಗೇ ಕಾಣುತ್ತವೆ. ಅದರ ನೆತ್ತಿಯ ಮೇಲೆ ಹೊಸ ಹೆಮ್ಲಾಕ್ ಮರ ಬೆಳೆದು, ಬೇರು ಮೋಟಿನ ಎರಡೂ ಕಡೆ ಇಳಿಬಿಟ್ಟು ನೆಲ ಹಿಡಿದಿದೆ. ಕೊಳೆಯುತ್ತಿರುವ ಮರವೇ ಸಸಿಗೆ ಪಾತಿ. ಬಿದ್ದ ದಿಮ್ಮಿಯ ಮೇಲಂತೂ ಸಾಲು ಹಿಡಿದು ನೆಟ್ಟ ಹಾಗೆ ಏಳೆಂಟು ಸಸಿಗಳಿದ್ದವು.

ಮೋಟಿನ ಪಾಚಿಯ ಮೇಲೆ ಏನೋ ಬಾಳೆಹಣ್ಣಿನ ಸಿಪ್ಪೆ ಬಿದ್ದಿದೆ, ಯಾರೋ ತಿಂದು ಎಸೆದಿದ್ದಾರೆ ಅಂತ ಅಕ್ಕ ಬೈಯಲು ಶುರು ಮಾಡಿದಳು. ಸಿಪ್ಪೆ ಕೊಂಬು ಹೊರಗೆ ಹಾಕಿತು. ಬನಾನಾ ಸ್ಲಗ್. ಚಿಪ್ಪಿಲ್ಲದ ಬಸವನಹುಳ, ಹಳದಿ ಮೈ, ಮೇಲೆ ಕಪ್ಪು ಚುಕ್ಕೆ, ಕಳಿತ ಬಾಳೆಹಣ್ಣೇ. ಇವು 25 ಸೆಂಟಿಮೀಟರ್ ತನಕ ಬೆಳೆಯುತ್ತವೆ. ಇದು ಗೇಣಿನಷ್ಟಿತ್ತು. ಕುತ್ತಿಗೆಯ ಬಲಗಡೆ ಒಂದು ತೂತು ತೆರೆದು ಮುಚ್ಚುತ್ತಿತ್ತು. ಅದು ಉಸಿರಾಡುವ ಬಾಯಿ. ಹುಳ ಒಂದು ಅಡಿ ದಾಟುವಷ್ಟರಲ್ಲಿ ನಮ್ಮ ಛತ್ರಿಯಿಂದ ಇಳಿದ ನೀರು ಬೂಟಿನೊಳಗೆ ತುಂಬಿತ್ತು.

ಆಮೇಲೆ ನಡೆದದ್ದು ನನ್ನದೇ ತಪ್ಪು. ಹೊಳೆ ನೋಡೋಣ ಅಂತ ಲಿನ್ ತೊರೆಯ ಮೇಲಿನ ಪೈಪ್ ಬ್ರಿಡ್ಜ್ ದಾಟಿದೆವು. ಆಚೆಗೊಂದು ಪಾರ್ಕಿಂಗ್ ಜಾಗ ಕಂಡಿತು. "ಇದೇ, ಬೆಳಿಗ್ಗೆ ಇಳಿದದ್ದು" ಎಂದೆ. ಅಲ್ಲ. ಅದು ಲಿನ್ ಹೆಡ್‌ವಾಟರ್ಸ್ ಪಾರ್ಕಿನದು. ತೊರೆಯ ಆ ಬದಿ ಒಂದು, ಈ ಬದಿ ಒಂದು. ನಡೆದು ಹೋದರೆ ಸೇತುವೆ ದಾಟಿದರಾಯಿತು. ಕಾರಿನಲ್ಲಿ ಬರಬೇಕಾದರೆ ಕೆಳಗೆ ಊರಿನೊಳಗೆ ಇಳಿದು ಇನ್ನೊಂದು ರಸ್ತೆಯಲ್ಲಿ ಮೇಲೆ ಬರಬೇಕು. ಫೋನಿಗೆ ಸಿಗ್ನಲ್ ಇಲ್ಲ. ಅಳಿಯ ಆ ಕಡೆ ಕಾದ, ನಾವು ಈ ಕಡೆ ಕಾದೆವು. ನಲವತ್ತು ನಿಮಿಷ ಆದ ಮೇಲೆ ಪಾರ್ಕಿನ ಸಿಬ್ಬಂದಿಯೊಬ್ಬರು ವಿಷಯ ಬಿಡಿಸಿ ಹೇಳಿದರು. ನೀವು ಹೋದರೆ, ಕಾರು ಎಲ್ಲಿಗೆ ಬರಬೇಕು ಎಂದು ರಸ್ತೆಯ ಹೆಸರು ಹಿಡಿದು ಹೇಳಿ. ಪಾರ್ಕಿನ ಹೆಸರು ಸಾಲದು.

ಕಾರಿನಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ. ಅಳಿಯನೂ ಆಡಲಿಲ್ಲ. ಅವನು ಒಳ್ಳೆಯವನು.

ಮೂರನೇ ದಿನ: ಬರ್ನಬಿ ಲೇಕ್

ಬೂಟು ಇನ್ನೂ ಒದ್ದೆ. ಹಾಗಾಗಿ ದೂರ ಹೋಗಲಿಲ್ಲ. ಸ್ಪರ್ಲಿಂಗ್ ಸ್ಟೇಷನ್ನಿನಲ್ಲಿ ಸ್ಕೈಟ್ರೇನ್ ಇಳಿದು ನಡೆದರೆ ಬರ್ನಬಿ ಲೇಕ್. ಇಡೀ ಕೆರೆ ಸುತ್ತಿದರೆ ಸುಮಾರು 10 ಕಿಲೋಮೀಟರ್. ನಾವು ಪೈಪರ್ ಸ್ಪಿಟ್ ತನಕ ಮಾತ್ರ ಹೋದೆವು. ಅದು ಕೆರೆಯೊಳಗೆ ಚಾಚಿಕೊಂಡ ಹಲಗೆ ದಾರಿ.

ಪಕ್ಕದಲ್ಲೇ ರೈಲು ಹಳಿ, ಆಚೆ ದಡದಲ್ಲಿ ಹೆದ್ದಾರಿ. ನಿಶ್ಶಬ್ದ ಬೇಕು ಅನ್ನುವವರು ಇಲ್ಲಿಗೆ ಬರಬೇಡಿ. ಆದರೆ ಬಾತುಕೋಳಿ ಹತ್ತಿರದಿಂದ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗಲಿಲ್ಲ. ವುಡ್ ಡಕ್ ಗಂಡು ಕಾಲಿನ ಹತ್ತಿರಕ್ಕೇ ಬಂತು. ಹಸಿರು ತಲೆ, ಬಿಳಿ ಗೆರೆ, ಕೆಂಪು ಕಣ್ಣು. ಹಬ್ಬಕ್ಕೆ ಮುಖಕ್ಕೆ ಬಣ್ಣ ಹಚ್ಚಿಕೊಂಡ ಹಾಗೆ. ಹಲಗೆಯ ಮೇಲೆ ಎರಡು ಸ್ಯಾಂಡ್‌ಹಿಲ್ ಕ್ರೇನ್ ಹಕ್ಕಿಗಳು ನಮ್ಮ ಎದೆಯೆತ್ತರಕ್ಕೆ ನಿಂತಿದ್ದವು. ಯಾರು ಯಾರಿಗೆ ದಾರಿ ಬಿಡಬೇಕು ಎಂದು ಸ್ವಲ್ಪ ಹೊತ್ತು ಎರಡೂ ಕಡೆ ಯೋಚನೆ. ನಾವೇ ಬಿಟ್ಟೆವು.

ಹಕ್ಕಿಗೆ ಏನೂ ಹಾಕಬೇಡಿ ಎಂಬ ಫಲಕದ ಕೆಳಗೇ ಒಬ್ಬರು ಬ್ರೆಡ್ ಚೂರು ಎಸೆಯುತ್ತಿದ್ದರು. ಮನುಷ್ಯ ಎಲ್ಲ ಕಡೆ ಒಂದೇ. ನೋಡಿ, ಮನೆಗೆ ಬಂದು ಮಲಗಿದೆವು.

ನಾಲ್ಕನೇ ದಿನ: ಡೀಸ್ ಐಲ್ಯಾಂಡ್

ಶನಿವಾರ. ಅಕ್ಕನ ಮಗಳು ಕಾರು ತೆಗೆದಳು. "ಚಿಕ್ಕಮ್ಮ, ಇವತ್ತು ದಾರಿ ನಾನು ನೋಡ್ಕೋತೀನಿ" ಎಂದಳು. ಗುರುವಾರದ ಕತೆ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಫ್ರೇಸರ್ ನದಿ ಬೆಟ್ಟಗಳಿಂದ 1,375 ಕಿಲೋಮೀಟರ್ ಹರಿದು ಇಲ್ಲಿ ಸಮುದ್ರ ಸೇರುತ್ತದೆ. ಸೇರುವ ಮುಂಚೆ ಕವಲಾಗಿ ಹರಡಿಕೊಳ್ಳುತ್ತದೆ. ಡೆಲ್ಟಾ ಎಂಬ ಊರಿನ ಹತ್ತಿರ, ಅಂಥ ಹರಿವಿನಲ್ಲಿರುವ ಒಂದು ಉದ್ದನೆಯ ದ್ವೀಪ ಡೀಸ್ ಐಲ್ಯಾಂಡ್. ದಂಡೆಗೆ ಮಣ್ಣಿನ ರಸ್ತೆ ಹಾಕಿ ಜೋಡಿಸಿದ್ದಾರೆ. ನೆಲ ಅಂಗೈಯಷ್ಟು ಸಪಾಟು. ತುದಿಯ ತನಕ ಹೋಗಿ ಬಂದರೆ ಸುಮಾರು 5 ಕಿಲೋಮೀಟರ್.

ಇದು ಸೀಡರ್ ಕಾಡಲ್ಲ. ಇಲ್ಲಿ ಕಾಟನ್‌ವುಡ್ ಮರಗಳದ್ದೇ ರಾಜ್ಯ. ಪ್ರವಾಹದ ಮಣ್ಣು, ವರ್ಷಕ್ಕೊಮ್ಮೆ ಕಾಲು ಮುಳುಗಿದರೂ ಪರವಾಗಿಲ್ಲ ಅನ್ನುವ ಮರ. ಅಕ್ಟೋಬರಿನಲ್ಲಿ ಎಲೆ ಹಳದಿ. ಗಾಳಿ ಇಲ್ಲದಿದ್ದರೂ ಒಂದೊಂದೇ ಉದುರುತ್ತಿರುತ್ತದೆ. ಉದುರಿದ ಎಲೆಯ ಅಡಿಭಾಗ ಬೆಳ್ಳಗೆ ಇರುವುದರಿಂದ ದಾರಿಯ ಮೇಲೆ ಹಳದಿ ಬಿಳಿ ಚುಕ್ಕೆ ಚುಕ್ಕೆ.

ದಾರಿಯ ಹೆಸರು ಟಿನ್‌ಮೇಕರ್ಸ್ ವಾಕ್. ತಗಡಿನ ಕೆಲಸದವನ ದಾರಿ. ಏನಪ್ಪಾ ಇದು ಅಂತ ಕೇಳಿದರೆ ಹಿಂದೆ ಒಂದು ಕತೆ. ಜಾನ್ ಸಲಿವನ್ ಡೀಸ್ ಎಂಬ ಕಪ್ಪು ಜನಾಂಗದವನು ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಹುಟ್ಟಿದವನು. ಗುಲಾಮಗಿರಿ ಇದ್ದ ಕಾಲದಲ್ಲಿ ಸ್ವತಂತ್ರನಾಗಿದ್ದವನು. ತಗಡಿನ ಕೆಲಸ ಅವನ ಕಸುಬು. ಇಲ್ಲಿಗೆ ಬಂದು ಸಾಲ್ಮನ್ ತುಂಬುವ ಡಬ್ಬ ಮಾಡುತ್ತಿದ್ದ. 1873ರಲ್ಲಿ ಈ ದ್ವೀಪದಲ್ಲಿ ತನ್ನದೇ ಡಬ್ಬದ ಮೀನಿನ ಕಾರ್ಖಾನೆ ಶುರು ಮಾಡಿದ. ಕೆಲವು ವರ್ಷ ಈ ನದಿಯ ದೊಡ್ಡ ಕಾರ್ಖಾನೆಗಳಲ್ಲಿ ಅದೂ ಒಂದು. ಆಮೇಲೆ ಪೈಪೋಟಿ ಹೆಚ್ಚಿತು, ಮಾರಿ ಹೋದ, 1880ರಲ್ಲಿ ತೀರಿಕೊಂಡ. ಅವನ ಕಾರ್ಖಾನೆ ಇವತ್ತಿಲ್ಲ. ದ್ವೀಪಕ್ಕೆ ಅವನ ಹೆಸರಿದೆ, ದಾರಿಗೆ ಅವನ ಕಸುಬಿನ ಹೆಸರಿದೆ. ಮೊನ್ನೆ ಗಾಜಿನ ಹಿಂದೆ ಹಾರುತ್ತಿದ್ದ ಮೀನಿನ ಬಳಗವನ್ನು ಡಬ್ಬಕ್ಕೆ ತುಂಬಿ ಹಡಗಿನಲ್ಲಿ ದೂರದೇಶಕ್ಕೆ ಕಳಿಸುತ್ತಿದ್ದ ಕಾಲ ಅದು.

ಇನ್ನೊಂದು ತಮಾಷೆ. 1959ರಲ್ಲಿ ತೆರೆದ ಮ್ಯಾಸಿ ಸುರಂಗ ಈ ಪಾರ್ಕಿನ ಹತ್ತಿರವೇ ನದಿಯ ಅಡಿಗೆ ಹಾದು ಹೋಗುತ್ತದೆ. ನಾವು ಬುತ್ತಿ ಬಿಚ್ಚಿ ಕೂತ ಜಾಗದಿಂದ ಅನತಿ ದೂರದಲ್ಲೇ ನೀರಿನ ಕೆಳಗೆ ಸಾವಿರಾರು ಕಾರು ಓಡುತ್ತಿದ್ದವು. ನದಿ ಮೇಲೆ ಒಂದು ಟಗ್ ದೋಣಿ ಮರದ ದಿಮ್ಮಿಗಳ ತೆಪ್ಪ ಎಳೆದುಕೊಂಡು ಹೋಯಿತು. ನಮ್ಮ ಕಣ್ಣಿಂದ ಮರೆಯಾಗಲು ಅದಕ್ಕೆ ಅರ್ಧ ಗಂಟೆ ಬೇಕಾಯಿತು. ಅಕ್ಕನ ನಡಿಗೆಗೆ ಸರಿಸಾಟಿ.

ಐದನೇ ದಿನ: ಕನಕ

ಮ್ಯಾಪಿನಲ್ಲಿ ಈ ಹೆಸರು ನೋಡಿದ ದಿನವೇ ಅಕ್ಕ ಇದನ್ನು ಪಟ್ಟಿಗೆ ಸೇರಿಸಿದ್ದಳು. ಕನಕ ಕ್ರೀಕ್ ರೀಜನಲ್ ಪಾರ್ಕ್. ಮೇಪಲ್ ರಿಡ್ಜ್ ಊರಿನ ಹತ್ತಿರ. "ಕನಕದಾಸರು ಇಲ್ಲಿಗೂ ಬಂದಿದ್ರಾ?"

ಬಂದವರು ಬೇರೆ. ಹಡ್ಸನ್ಸ್ ಬೇ ಕಂಪನಿ ಫ್ರೇಸರ್ ನದಿಯ ದಂಡೆಯಲ್ಲಿ 1827ರಲ್ಲಿ ಫೋರ್ಟ್ ಲ್ಯಾಂಗ್ಲಿ ಎಂಬ ವ್ಯಾಪಾರದ ಕೋಟೆ ಕಟ್ಟಿತು. ಅಲ್ಲಿ ದುಡಿಯಲು ಹವಾಯಿ ದ್ವೀಪಗಳಿಂದ ಜನರನ್ನು ಕರೆತಂದರು. ಹವಾಯಿ ಭಾಷೆಯಲ್ಲಿ ಕನಕ ಅಂದರೆ ಮನುಷ್ಯ. ಅವರಲ್ಲಿ ಕೆಲವರು ಈ ಹೊಳೆ ನದಿ ಸೇರುವ ಜಾಗದಲ್ಲಿ ಮನೆ ಮಾಡಿ ನಿಂತರು. ಹೊಳೆಗೆ ಅವರ ಹೆಸರೇ ಉಳಿಯಿತು. ಕೋಟೆಯಿಂದ ಪೀಪಾಯಿಗಳಲ್ಲಿ ಉಪ್ಪು ಹಾಕಿದ ಸಾಲ್ಮನ್ ಹವಾಯಿಗೆ ಹೋಗುತ್ತಿತ್ತು. ಜನ ಈ ಕಡೆ, ಮೀನು ಆ ಕಡೆ. ನಮ್ಮಲ್ಲಿ ಕನಕ ಅಂದರೆ ಚಿನ್ನ. 1858ರಲ್ಲಿ ಇದೇ ಫ್ರೇಸರ್ ನದಿಗೆ ಸಾವಿರಾರು ಜನ ಚಿನ್ನ ಹುಡುಕಿಕೊಂಡು ನುಗ್ಗಿದರು. ಆ ಅರ್ಥವೂ ಹೊಂದುತ್ತದೆ, ಆಕಸ್ಮಿಕವಾಗಿ.

ಮೊದಲು ನದಿ ದಂಡೆಯ ಭಾಗಕ್ಕೆ ಹೋದೆವು. ಜೌಗು ನೆಲ, ಹುಲ್ಲು, ಸಣ್ಣ ಸೇತುವೆ, ಸುತ್ತು ದಾರಿ. ಕೊಕ್ಕರೆಯೊಂದು ಕದಲದೆ ನಿಂತಿತ್ತು. ಚೆನ್ನಾಗಿತ್ತು, ಆದರೆ ಕಾರಿನಲ್ಲಿ ಮೇಲಿನ ಕ್ಲಿಫ್ ಫಾಲ್ಸ್ ಭಾಗಕ್ಕೆ ಬಂದ ಮೇಲೆ ಅದೆಲ್ಲ ಮರೆತುಹೋಯಿತು. ಇಲ್ಲಿ ಹೊಳೆ ಮರಳುಗಲ್ಲಿನ ಹಾಸು ಕೊರೆದು ಹಂತ ಹಂತವಾಗಿ ಇಳಿಯುತ್ತದೆ. ಸುತ್ತ ದೊಡ್ಡೆಲೆಯ ಮೇಪಲ್. ಒಂದು ಎಲೆ ಅಕ್ಕನ ಮುಖಕ್ಕೆ ಹಿಡಿದೆ. ಗಲ್ಲದಿಂದ ಹಣೆಯ ತನಕ ಮುಚ್ಚಿ, ಕಿವಿ ಮಾತ್ರ ಕಂಡವು. ಈ ಮರದ ಕೊಂಬೆಗಳ ಮೇಲೆ ದಪ್ಪ ಪಾಚಿ, ಪಾಚಿಯೊಳಗೆ ಜರಿಗಿಡ. ಮರದ ಮೇಲೊಂದು ಕಾಡು.

ಕರಡಿ ಓಡಾಡುವ ಜಾಗ, ಮಾತಾಡುತ್ತಾ ನಡೆಯಿರಿ ಎಂಬ ಫಲಕ. ಚಳಿಗಾಲದ ನಿದ್ದೆಗೆ ಮುಂಚೆ ಅವು ಹೊಟ್ಟೆ ತುಂಬಿಸಿಕೊಳ್ಳುವ ಸಮಯ ಇದು. "ನೀವಿಬ್ಬರು ಇದ್ರೆ ಆ ಭಯ ಇಲ್ಲ ಬಿಡಿ" ಎಂದಳು ಅಕ್ಕನ ಮಗಳು.

ವಾಸನೆ ಮೊದಲು ಬಂತು. ಮೀನು ಮಾರ್ಕೆಟ್ಟಿನ ಹಿಂಬದಿಯ ವಾಸನೆ. ಆಮೇಲೆ ಹೊಳೆ ಕಂಡಿತು. ಮೊಣಕಾಲಿನಷ್ಟೂ ಇಲ್ಲದ ನೀರಿನಲ್ಲಿ ಚಮ್ ಸಾಲ್ಮನ್. ಕೋಹೋ ಅಲ್ಲ, ಅದರ ದಾಯಾದಿ. ಹಸಿರು ಮೈ ಮೇಲೆ ನೇರಳೆ ಪಟ್ಟೆ, ಹುಲಿಗೆ ಬಣ್ಣ ತಪ್ಪಿ ಹಚ್ಚಿದ ಹಾಗೆ. ಗಂಡಿಗೆ ನಾಯಿಯ ಕೋರೆಯಂಥ ಹಲ್ಲು.

ಸೇತುವೆಯ ಮೇಲಿಂದ ಒಂದು ಹೆಣ್ಣು ಮೀನನ್ನೇ ನೋಡುತ್ತಾ ನಿಂತೆವು. ಅದು ಪಕ್ಕಕ್ಕೆ ಹೊರಳುತ್ತದೆ. ಬಿಳಿ ಹೊಟ್ಟೆ ಮಿಂಚುತ್ತದೆ. ಬಾಲದಿಂದ ಐದಾರು ಸಲ ಜಲ್ಲಿಗೆ ಬಡಿಯುತ್ತದೆ. ಕಲ್ಲು ಹಾರಿ ಸ್ವಲ್ಪ ಕೆಳಗೆ ಬೀಳುತ್ತದೆ. ನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಮತ್ತೆ ಮುಂದೆ ಬಂದು ಅದೇ ಗುಂಡಿಯ ಮೇಲೆ ನಿಲ್ಲುತ್ತದೆ. ಬಾಲದ ಅಂಚು ಬಡಿದು ಬಡಿದು ಸವೆದು, ಬೆಳ್ಳಗೆ ಎಲುಬು ಕಾಣುತ್ತಿತ್ತು. ಹಿಂದೆ ಎರಡು ಗಂಡುಗಳು ಪರಸ್ಪರ ಕಚ್ಚಾಡುತ್ತಿದ್ದವು. ಅದಕ್ಕೆ ಅವುಗಳ ಕಡೆ ಗಮನವೇ ಇಲ್ಲ. ಹೊರಳು, ಬಡಿ, ನಿಲ್ಲು.

ಅಕ್ಕ ರೇಲಿಂಗಿನ ಸಂದಿಯಲ್ಲಿ ಮುಖ ಇಟ್ಟು ನೋಡುತ್ತಿದ್ದಳು. "ಮೊದಲ ದಿನ ನೋಡಿದ ಗಾಜು ಇಲ್ಲಿರಬೇಕಿತ್ತು. ಕನಕನ ಕಿಂಡಿ ಆಗ್ತಿತ್ತು, ಅಲ್ವಾ?"

ದಡದಲ್ಲಿ ಸತ್ತ ಮೀನುಗಳು. ಕೆಲವಕ್ಕೆ ಕಣ್ಣಿಲ್ಲ, ಹಕ್ಕಿ ತಿಂದದ್ದು. ಒಂದು ಮೀನಂತೂ ಹೊಳೆಯಿಂದ ಹತ್ತಿಪ್ಪತ್ತು ಹೆಜ್ಜೆ ದೂರ, ಸೀಡರ್ ಮರದ ಬೇರಿನ ಮೇಲೆ ಅರ್ಧ ತಿಂದು ಬಿದ್ದಿತ್ತು. ಯಾವುದೋ ಪ್ರಾಣಿ ಎಳೆದು ತಂದದ್ದು. ಹೀಗೆ ಕರಡಿ, ಹದ್ದು ಕಾಡಿಗೆ ಎಳೆದ ಮೀನು ಕೊಳೆತು ಗೊಬ್ಬರ ಆಗುತ್ತದೆ. ಸಾಲ್ಮನ್ ಹೊಳೆಗಳ ದಡದ ಮರಗಳಲ್ಲಿ ಸಮುದ್ರದಿಂದ ಬಂದ ಸಾರಜನಕವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಆ ಮರದ ನೆರಳು ನೀರನ್ನು ತಣ್ಣಗಿಡುತ್ತದೆ, ಮುಂದಿನ ಮೊಟ್ಟೆಗಳಿಗೆ ಅದು ಬೇಕು. ಇದನ್ನು ನಾನು ಓದಿದ್ದೆ. ಬೇರಿನ ಮೇಲೆ ಬಿದ್ದ ಅರ್ಧ ಮೀನು ನೋಡಿದಾಗ ಓದಿದ್ದು ನೆನಪಾಯಿತು. ಅಕ್ಕ ಮೂಗು ಮುಚ್ಚಿಕೊಂಡೇ ಆ ಮರವನ್ನು ಬುಡದಿಂದ ತುದಿಯ ತನಕ ಒಮ್ಮೆ ನೋಡಿದಳು.

ಹೊಳೆಯೊಳಗೆ ಕಾಲಿಡಬೇಡಿ, ನಾಯಿಯನ್ನೂ ಇಳಿಸಬೇಡಿ. ಜಲ್ಲಿಯ ಕೆಳಗೆ ಮೊಟ್ಟೆಗಳಿರುತ್ತವೆ, ಮೇಲಿಂದ ಕಾಣುವುದಿಲ್ಲ.

ಆರನೇ ದಿನ: ಡರ್ಬಿ ರೀಚ್

ಸೋಮವಾರ. ಅಕ್ಕನ ಮಗಳು ರಜೆ ಹಾಕಿದಳು, ನಾವು ಕೇಳದೆಯೇ.

ಕನಕ ಹೊಳೆ ಸೇರುವ ಜಾಗದಿಂದ ಸ್ವಲ್ಪ ಕೆಳಕ್ಕೆ, ಫ್ರೇಸರ್ ನದಿಯ ಎದುರು ದಡದಲ್ಲಿ ಡರ್ಬಿ ರೀಚ್. 1827ರ ಮೊದಲ ಕೋಟೆ ಇದ್ದದ್ದು ಇಲ್ಲೇ. 1839ರಲ್ಲಿ ಅದನ್ನು ಈಗಿನ ಫೋರ್ಟ್ ಲ್ಯಾಂಗ್ಲಿ ಊರಿನ ಕಡೆಗೆ ಬದಲಾಯಿಸಿದರು. ಹಳೆಯ ಜಾಗದಲ್ಲಿ ಈಗ ಹುಲ್ಲು, ಒಂದು ಸ್ಮಾರಕ ಕಲ್ಲು. ಎರಡೂ ಜಾಗ ಸೇರಿಸುವ ದಾರಿಗೆ ಫೋರ್ಟ್ ಟು ಫೋರ್ಟ್ ಟ್ರೈಲ್ ಎಂದು ಹೆಸರು. ಪೂರ್ತಿ ನಡೆಯಲಿಲ್ಲ. ನದಿ ದಂಡೆಯ ಭಾಗ ಸ್ವಲ್ಪ, ಒಳಗಿನ ಕಾಡಿನ ಭಾಗ ಸ್ವಲ್ಪ. ಆರು ದಿನದಲ್ಲಿ ಎಲ್ಲಕ್ಕಿಂತ ಸುಲಭದ ದಾರಿ ಇದೇ. ಕಣ್ಣು ಮುಚ್ಚಿ ನಡೆಯಬಹುದು, ಆದರೆ ಕುದುರೆಯ ಲದ್ದಿ ಇರುತ್ತದೆ, ಮುಚ್ಚಬೇಡಿ.

ಎಜ್‌ವಾಟರ್ ಬಾರ್ ಎಂಬ ಮರಳ ದಂಡೆಯಲ್ಲಿ ಕೂತೆವು. ಸಾಲಾಗಿ ಮಡಚುವ ಕುರ್ಚಿ ಹಾಕಿಕೊಂಡು ಗಾಳ ಹಾಕಿದವರು. ಅವರಿಗೂ ನಮ್ಮ ಹಾಗೆ ಎಲ್ಲಿಗೂ ಹೋಗುವ ಆತುರ ಇರಲಿಲ್ಲ. ನದಿ ಇಲ್ಲಿ ಅಗಲ, ಕಂದು, ಮೇಲೆ ಏನೂ ಅಲೆ ಇಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡೆವು.

ನೀರಿನ ಅಂಚಿನಲ್ಲಿ ಅಕ್ಕ ಸುಮ್ನೆ ಒಂದು ಕಾಟನ್‌ವುಡ್ ಕಡ್ಡಿ ಚುಚ್ಚಿದ್ದಳು. ಎರಡನೇ ಲೋಟ ಮುಗಿಯುವ ಹೊತ್ತಿಗೆ ಕಡ್ಡಿಯ ಬುಡ ನೀರಿನೊಳಗಿತ್ತು. "ಮಳೆ ಬಂದಿಲ್ಲ, ನೀರು ಹೇಗೆ ಏರಿತು?"

ಸಮುದ್ರ ಇಲ್ಲಿಂದ 40 ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಅದರ ಭರತ ಇಳಿತ ಈ ನದಿಯಲ್ಲಿ ಇನ್ನೂ ಮೇಲಿನ ಮಿಷನ್ ಊರಿನ ತನಕ ಗೊತ್ತಾಗುತ್ತದೆ. ಅಕ್ಕನ ಮಗಳು ಹೇಳಿದ್ದನ್ನು ಅಕ್ಕ ನಂಬಲಿಲ್ಲ. ಕಡ್ಡಿಯನ್ನೇ ನೋಡುತ್ತಾ ಕೂತಳು. ನೀರು ಏರುವುದು ಕಾಣುವುದಿಲ್ಲ. ಒಂದು ಒಣ ಕಲ್ಲು ಇರುತ್ತದೆ. ಅದರ ಒಂದು ಬದಿ ಒದ್ದೆಯಾಗುತ್ತದೆ. ಮತ್ತೆ ನೋಡಿದರೆ ಕಲ್ಲೇ ಇಲ್ಲ.

ಕಡ್ಡಿ ಎರಡು ಬೆರಳಷ್ಟು ಉಳಿದಿತ್ತು. ನಾನು ಗಡಿಯಾರ ನೋಡಿದೆ. ಹೊರಟು ಮೂರು ಗಂಟೆ ಹತ್ತು ನಿಮಿಷ. ಷರತ್ತು ನೆನಪಿಸಿದೆ.

"ಸುಮ್ನಿರೇ" ಎಂದಳು. ಎದ್ದು, ಮೊಣಕಾಲು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಮೇಲೆ ಹೋಗಿ, ಒಣ ಮರಳಿನಲ್ಲಿ ಇನ್ನೊಂದು ಕಡ್ಡಿ ಚುಚ್ಚಿದಳು. ವಾಪಸ್ ಬಂದು ಕೂತು ಲೋಟ ಚಾಚಿದಳು.